ಬೊಂಡಾಸ್ ಚೀಲದೊಳಗಿನ ಮೀನು

ಒಂದು ಕಡಲಬಾವಲಿಗೆ ದಿನಕ್ಕೆ ಮುನ್ನೂರು ಗ್ರಾಂ ಬೊಂಡಾಸ್. ಹನ್ನೊಂದು ಬಾವಲಿಗೆ ಮೂರು ಕಿಲೋ ಮುನ್ನೂರು. ಬೋಟು ಬರುವ ತಿಂಗಳುಗಳಲ್ಲಿ ಕಿಲೋಗೆ ಎಂಟುನೂರು ರೂಪಾಯಿ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯಬಾರದೆಂಬ ನಿಷೇಧದ ಎರಡು ತಿಂಗಳು, ಐಸ್ ಪ್ಲಾಂಟಿನಲ್ಲಿ ಕೂಡಿಟ್ಟ ಹಳೇ ಮಾಲಿಗೆ ಸಾವಿರದ ನಾನೂರು. ಇದು ಆಫೀಸಿನವರ ಲೆಕ್ಕ.

ನನ್ನ ಲೆಕ್ಕ ಬೇರೆ. ಮೂರು ಕಿಲೋ ಬೊಂಡಾಸ್, ಇಂಗ್ಲಿಷಿನವರು ಸ್ಕ್ವಿಡ್ ಎನ್ನುವುದು, ಶುಚಿ ಮಾಡಲು ಒಂದೂವರೆ ಗಂಟೆ. ಮಸಿಯ ಚೀಲ ಒಡೆಯದ ಹಾಗೆ ತೆಗೆಯಬೇಕು, ಮಸಿ ಹೊಟ್ಟೆಗೆ ಹೋದರೆ ಬಾವಲಿ ಕಕ್ಕಿಬಿಡುತ್ತದೆ. ಬೆನ್ನಿನೊಳಗಿನ ಪ್ಲಾಸ್ಟಿಕ್ಕಿನಂಥ ಕಡ್ಡಿಯನ್ನು ಎಳೆಯಬೇಕು, ಅದು ಗಂಟಲಿಗೆ ಸಿಕ್ಕುತ್ತದೆ. ಐಸಿನಲ್ಲಿ ಕೈ ಅದ್ದಿ ಅದ್ದಿ ಬೆರಳ ಸಂದು ಒಡೆದವು. ಬಲ ಮಣಿಕಟ್ಟಿನ ನೋವು ಎರಡನೆಯ ವರ್ಷ ಶುರುವಾಯಿತು, ಇನ್ನೂ ಹೋಗಿಲ್ಲ. ಮನೆಗೆ ಬಂದರೆ ಮೈಗೆ ಬೊಂಡಾಸಿನ ವಾಸನೆ. ಮೀನಿನ ವಾಸನೆಯಲ್ಲೇ ಹುಟ್ಟಿದವಳಿಗೂ ಅದು ಬೇಸರ ತರಿಸಿತು.

ನಾನು ಗುಲಾಬಿ. ಕುಂದಾಪುರದ ಕಡೆಯವಳು. ಮೂವತ್ತು ವರ್ಷ ಬಂದರಿನ ಮಾರುಕಟ್ಟೆಯಲ್ಲಿ ಮೀನು ಕತ್ತರಿಸಿದೆ. ಹೊಳೆಬಾಯಿಯ ಪಕ್ಕದ ಗುಡ್ಡದ ಮೇಲೆ ಆ ಕೇಂದ್ರ ಬಂದಾಗ, ಬೊಂಡಾಸ್ ಶುಚಿ ಮಾಡುವ ಹೆಂಗಸು ಬೇಕೆಂದು ಡಾಕ್ಟರಮ್ಮ ಮಾರುಕಟ್ಟೆಗೆ ಬಂದರು. ಹೆಸರು ನಿಹಾರಿಕಾ ಪಾವಟೆ, ಧಾರವಾಡದವರು. ಮನೆಯಲ್ಲಿ ಮೊಟ್ಟೆಯೂ ಬೇಯದ ಜನ. ಮೂಗಿಗೆ ಸೆರಗು ಹಿಡಿದುಕೊಂಡು ನನ್ನ ಎದುರು ಅರ್ಧ ಗಂಟೆ ನಿಂತು, ನನ್ನ ಕೈ ನೋಡಿದರು. ಮಾರನೇ ದಿನ ಕೆಲಸಕ್ಕೆ ಕರೆದರು.

ಆ ಪ್ರಾಣಿಯ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಬಾಗಿದ ದವಡೆ ಎಂದು ಅದರ ಅರ್ಥವಂತೆ. ಹದಿನೆಂಟು ಕೋಟಿ ವರ್ಷದ ಹಿಂದೆ ಕಡಲ ಮೇಲೆ ಹಾರುತ್ತಿದ್ದ ಹಲ್ಲಿಯ ಜಾತಿ. ರೆಕ್ಕೆ ಬಿಡಿಸಿದರೆ ನನ್ನ ಎರಡು ಕೈ ಚಾಚಿದಷ್ಟು ಅಗಲ, ಮೈ ಮಾತ್ರ ಒಂದು ಕೋಳಿಯಷ್ಟು. ಮೈ ತುಂಬ ಬೂದು ಬಣ್ಣದ ನಯವಾದ ರೋಮ, ಉದ್ದ ಬಾಲದ ತುದಿಯಲ್ಲಿ ವೀಳ್ಯದೆಲೆಯಂಥ ಒಂದು ಚಪ್ಪಟೆ. ರೆಕ್ಕೆಯೆಂದರೆ ಗರಿಯಲ್ಲ, ಚರ್ಮ. ಆ ಚರ್ಮವನ್ನು ಹಿಡಿದು ನಿಲ್ಲಿಸುವುದು ಒಂದೇ ಒಂದು ಬೆರಳು, ನಮ್ಮ ಉಂಗುರದ ಬೆರಳನ್ನು ಮೊಳದುದ್ದ ಎಳೆದ ಹಾಗೆ. ನಾನು ಕಡಲಬಾವಲಿ ಎಂದು ಕರೆದೆ, ಕೇಂದ್ರದಲ್ಲಿ ಎಲ್ಲರೂ ಹಾಗೇ ಕರೆದರು.

ಸತ್ತು ಕಲ್ಲಾದದ್ದು ಮತ್ತೆ ಹೇಗೆ ಬಂತು ಎಂದು ನಾನೂ ಕೇಳಿದ್ದೆ. ಕೋಳಿಗೂ ಮೊಸಳೆಗೂ ಹಿಂದೆ ಹಿಂದೆ ಹೋದರೆ ಒಂದೇ ಮನೆತನವಂತೆ, ಈ ಬಾವಲಿ ಆ ಮನೆತನದ ನಿಂತುಹೋದ ಕವಲು. ಎರಡರ ಜೀವಕಣದಲ್ಲಿ ಬರೆದಿರುವುದನ್ನು ಕಂಪ್ಯೂಟರಿಗೆ ಕೊಟ್ಟು, ಹಳೇ ಅಜ್ಜಿಯದು ಹೇಗಿದ್ದೀತು ಎಂದು ಲೆಕ್ಕ ಹಾಕಿಸಿ, ಕಲ್ಲಿನಲ್ಲಿ ಕಂಡ ಮೂಳೆಯ ಅಳತೆಗೆ ಬರುವವರೆಗೆ ತಿದ್ದಿ ತಿದ್ದಿ ಮೊಟ್ಟೆ ಮಾಡಿದರಂತೆ. ಮುನ್ನೂರು ಮೊಟ್ಟೆಯಲ್ಲಿ ಹನ್ನೊಂದು ಮರಿ ಉಳಿದವು. ಇದು ನಿಜವಾದ ಹಳೇ ಪ್ರಾಣಿಯಲ್ಲ, ಅದರ ಬಗ್ಗೆ ನಾವು ಮಾಡಿದ ಊಹೆಗೆ ಜೀವ ಬಂದದ್ದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಊಹೆಗೂ ಹಸಿವಾಗುತ್ತಿತ್ತು. ಬೆಳಗ್ಗೆ ಬಕೆಟ್ಟಿನ ಸದ್ದು ಕೇಳಿದರೆ ಬಲೆಯ ಗೂಡಿನಲ್ಲಿ ಹನ್ನೊಂದೂ ಬಾಯಿ ತೆರೆಯುತ್ತಿದ್ದವು.

ಡಾಕ್ಟರ ಕೆಲಸ ಇದ್ದದ್ದು ಒಂದೇ ಪ್ರಶ್ನೆಗೆ: ಇದು ಏನು ತಿಂದು ಬದುಕಿತ್ತು? ಹೊರದೇಶದ ಒಂದು ಗಣಿಯಲ್ಲಿ ಸಿಕ್ಕ ಕಲ್ಲಿನ ಫೋಟೋ ಅವರ ಮೇಜಿನ ಮೇಲಿತ್ತು. ಮೂಳೆಯ ಗೂಡು, ಅದರ ಹೊಟ್ಟೆಯ ಜಾಗದಲ್ಲಿ ಸಾಸಿವೆಯಷ್ಟು ಸಣ್ಣ ಕಪ್ಪು ಕೊಕ್ಕೆಗಳ ಗುಂಪು. ಅವು ಆ ಕಾಲದ ಬೊಂಡಾಸಿನ ಕೈಗಳಲ್ಲಿದ್ದ ಕೊಕ್ಕೆಗಳು. ಹಾಗಾಗಿ ಬೊಂಡಾಸ್ ತಿನ್ನುತ್ತಿತ್ತು ಎಂದಾಯಿತು. ಅದನ್ನು ಸಾಧಿಸಲು ಇನ್ನೊಂದು ದಾರಿ ಹಲ್ಲು. ತಿಂದ ಆಹಾರ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಕಲ್ಲಿನಲ್ಲಿರುವ ಹಲ್ಲಿನ ಮೇಲೂ ಆ ಗೀರು ಇದೆ. ನಮ್ಮ ಬಾವಲಿಗಳಿಗೆ ಬರೀ ಬೊಂಡಾಸ್ ಹಾಕಿ, ಮೂರು ತಿಂಗಳಿಗೊಮ್ಮೆ ಹಲ್ಲಿನ ಅಚ್ಚು ತೆಗೆದು, ಎರಡು ಗೀರನ್ನೂ ಹೋಲಿಸುವುದು. ಅದಕ್ಕೇ ಐದು ವರ್ಷದ ಹಣ. ಅದಕ್ಕೇ ಒಂದು ಕಟ್ಟುನಿಟ್ಟು: ಬಾಯಿಗೆ ಹೋಗಿದ್ದೆಲ್ಲ ದಫ್ತರಿನಲ್ಲಿ ಇರಬೇಕು, ದಫ್ತರಿನಲ್ಲಿ ಇಲ್ಲದ್ದು ಬಾಯಿಗೆ ಹೋಗಬಾರದು. ಬರೆಯುವವಳು ನಾನು. ಅಂಕಿ, ಬೊಂಡಾಸ್ ಎಂಬ ಪದ, ಕೆಳಗೆ ನನ್ನ ಸಹಿ.

ಎರಡು ವರ್ಷ ಗೀರು ಹೊಂದಲಿಲ್ಲ. ನಮ್ಮ ಬಾವಲಿಗಳ ಹಲ್ಲು ಗಾಜಿನ ಹಾಗೆ ನುಣುಪು. ಈಗಿನ ಬೊಂಡಾಸಿಗೆ ಕೊಕ್ಕೆ ಇಲ್ಲವಲ್ಲ, ಅದಕ್ಕಿರಬೇಕು ಎಂದು ಡಾಕ್ಟರು ಯೋಚಿಸಿದರು. ಕೊಕ್ಕೆ ಇರುವ ಜಾತಿಯನ್ನು ಆಳದ ಕಡಲಿಂದ ತರಿಸಲು ಕಾಗದ ಬರೆದರು. ಕಾಗದ ಹೋಗುತ್ತಿತ್ತು, ಬರುತ್ತಿತ್ತು, ಬೊಂಡಾಸ್ ಬರುತ್ತಿರಲಿಲ್ಲ.

ಮೂರನೆಯ ವರ್ಷ ಮೇ ಕೊನೆಗೆ ಎರಡನೆಯ ನಂಬರಿನ ಬಾವಲಿ ಮರದ ಕಟ್ಟೆಗೆ ಇಳಿಯುವಾಗ ಜಾರಿತು. ಇಳಿದ ರಭಸ ಏನೂ ಇರಲಿಲ್ಲ. ಆದರೂ ರೆಕ್ಕೆಯ ಬೆರಳು ಒಣಕಡ್ಡಿಯ ಹಾಗೆ ಮುರಿಯಿತು. ಕಟ್ಟು ಹಾಕಿದರು. ವಾರದಲ್ಲಿ ನಾಲ್ಕನೆಯದಕ್ಕೂ ಹಾಗೇ ಆಯಿತು. ಎಕ್ಸ್‌ರೇಯಲ್ಲಿ ಮೂಳೆ ಇರಬೇಕಾದಲ್ಲಿ ಹೊಗೆಯಂತೆ ಕಂಡಿತು. ಸುಣ್ಣದ ಅಂಶ ಸಾಲದು ಎಂದು ದನದ ಡಾಕ್ಟರು ಬಂದು ಪುಡಿ ಕೊಟ್ಟರು. ಪುಡಿ ಸವರಿದ ಬೊಂಡಾಸನ್ನು ಅವು ಉಗುಳಿದವು. ಹಿಡಿದು ಬಾಯಿ ತೆರೆಸಿ ನಳಿಗೆಯಲ್ಲಿ ಹಾಕಲು ಹೋದರೆ, ಹಿಡಿದ ಹಿಡಿತಕ್ಕೇ ಮೂಳೆ ಮುರಿಯುವ ಹೆದರಿಕೆ. ಜೂನ್ ಹತ್ತರೊಳಗೆ ಬೇರೆ ಎರಡು ಬಾವಲಿ ಸತ್ತವು.

ಅವತ್ತು ನಾನು ಡಾಕ್ಟರ ಕೋಣೆಗೆ ಹೋದೆ. ಅವರು ತೆರೆಯ ಮೇಲೆ ತೂಕದ ಗೆರೆ ನೋಡುತ್ತಿದ್ದರು. ಹನ್ನೊಂದು ಗೆರೆಯಲ್ಲಿ ಎರಡು ನಿಂತುಹೋಗಿದ್ದವು. ಮೂಳೆ ಇಲ್ಲದ್ದನ್ನೇ ತಿಂದರೆ ಮೂಳೆ ಎಲ್ಲಿಂದ ಬರಬೇಕು, ಹುರುಪೆ ಮುಳ್ಳು ಸಮೇತ ಸಣ್ಣ ಮೀನು ಕೊಡುವ ಎಂದೆ. ನಮ್ಮಲ್ಲಿ ಬಾಣಂತಿಗೂ ಹಾಗೇ ಕೊಡುವುದು ಎಂದೂ ಹೇಳಿದೆ.

ಅವರು ಸಿಟ್ಟು ಮಾಡಲಿಲ್ಲ. ಕಲ್ಲಿನ ಫೋಟೋ ನನ್ನ ಕಡೆ ತಿರುಗಿಸಿದರು. "ಇಲ್ಲಿ ಮೀನಿನ ಮೂಳಿ ಒಂದರ ಕಾಣತೈತೇನ್ರಿ, ಗುಲಾಬಕ್ಕಾರ?"

"ಕಾಣಿ ಡಾಕ್ಟ್ರೇ, ಊಟ ಮುಗ್ದ ಎಲೆ ಕಂಡು ಊಟ ಎಂತದಂತ ಹೇಳೂಕಾತ್ತಾ? ಎಲೆ ಮೇಲೆ ಉಳಿದದ್ದು ನುಗ್ಗೆಕಾಯಿ ಸಿಪ್ಪೆ, ಕರಿಬೇವು. ಅನ್ನ ಒಳಗೆ ಹೋಯ್ತು. ನಾನು ಎಷ್ಟೋ ಅಂಜಲ್ ಮೀನಿನ ಹೊಟ್ಟೆ ಸೀಳಿದ್ದೆ. ತಿಂದ ಮೀನು ಕರಗಿ ಗಂಜಿ ಆಗಿರ್ತದೆ, ಬೊಂಡಾಸಿನ ಗಟ್ಟಿ ಕೊಕ್ಕು ಮಾತ್ರ ಹಾಗೇ ಉಳಿದಿರ್ತದೆ."

ಅವರು ಫೋಟೋ ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. "ಮಾತು ಛಲೋ ಐತಿ. ಆದ್ರ ಕಲ್ಲಿನ್ಯಾಗ ಇಲ್ಲದ್ದನ್ನ ನಾ ಹೆಂಗ ಬರೀಲಿ? ಈಗ ಮೀನ ಹಾಕಿದ್ರ ಎರಡು ವರ್ಷದ ಕೆಲಸ ನೀರಾಗ ಹೋಗತೈತಿ. ಪುಡಿ ಕುಡಿಯೂ ನೀರಿಗೆ ಹಾಕಿ ಕೊಡೂಣು. ಇನ್ನೊಂದ ತಿಂಗಳ ನೋಡೂಣು."

ತಿಂಗಳು ನೋಡಲು ಅವುಗಳಿಗೆ ಆಗುತ್ತದೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ದೊಡ್ಡವರು ಒಮ್ಮೆ ಬೇಡ ಎಂದರೆ ತಲೆ ಆಡಿಸಿ ಹೊರಬಂದು, ಆಮೇಲೆ ತಮಗೆ ತೋಚಿದ್ದನ್ನು ಮಾಡುವುದು ನಮ್ಮ ಮಾರುಕಟ್ಟೆಯ ಹೆಂಗಸರ ಅಭ್ಯಾಸ. ಸುಂಕದವರ ಹತ್ತಿರ, ಬೋಟಿನ ಸಾಹುಕಾರರ ಹತ್ತಿರ ಹಾಗೇ ಬದುಕಿದವರು ನಾವು. ಇಲ್ಲಿಯೂ ಹಾಗೇ ಮಾಡಿದೆ.

ಆಗ ನನ್ನ ಮನೆಯಲ್ಲೂ ಒಬ್ಬಳು ಬಾಣಂತಿ. ಮಗಳು ಪ್ರಮೀಳಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನನ್ನ ಗಂಡ ತೀರಿಹೋಗಿ ಒಂಬತ್ತು ವರ್ಷವಾದ ಮನೆಯಲ್ಲಿ ಮತ್ತೆ ಮಗುವಿನ ಅಳು. ಪಕ್ಕದ ಮನೆಯ ಮೈದುನ ಶೀನ, ಬೋಟು ನಿಂತ ದಿನಗಳಲ್ಲಿ ಹೊಳೆಬಾಯಿಗೆ ಹೋಗಿ ಬೀಸುಬಲೆ ಹಾಕುತ್ತಿದ್ದ. ಹೊಳೆ ಕೆಂಪಾಗಿ ಉಕ್ಕುವ ಕಾಲ, ಬೀಳುತ್ತಿದ್ದದ್ದು ಬೆರಳುದ್ದದ ಬೆಳ್ಳಿಮೀನು ಒಂದೆರಡು ಹಿಡಿ, ಕೆಲವು ದಿನ ಅದೂ ಇಲ್ಲ. ಬಾಣಂತಿಗೆ ಎಂದು ತಂದು ಕೊಡುತ್ತಿದ್ದ. ನಾನು ಅರ್ಧ ಹುರಿದು ಮಗಳಿಗೆ ಹಾಕಿ, ಇನ್ನರ್ಧ ಟಿಫಿನ್ ಡಬ್ಬಿಯಲ್ಲಿ ಗುಡ್ಡಕ್ಕೆ ಒಯ್ದೆ.

ಗೂಡಿನಲ್ಲಿ ಕ್ಯಾಮರಾ ಇತ್ತು, ಬಾವಲಿ ಏನು ತಿನ್ನುತ್ತದೆ ಎಂಬುದು ಕೋಣೆಯ ತೆರೆಯ ಮೇಲೆ ಕಾಣುತ್ತಿತ್ತು. ಆದರೆ ಶುಚಿ ಮಾಡಿದ ಬೊಂಡಾಸ್ ಎಂದರೆ ಒಂದು ಖಾಲಿ ಚೀಲ. ನಮ್ಮ ಕಡೆ ಅದರೊಳಗೆ ಮಸಾಲೆ ಹಾಕಿದ ಚಟ್ಲಿ, ಅಂದರೆ ಸೀಗಡಿ, ತುಂಬಿ, ಬಾಯಿಗೆ ಕಡ್ಡಿ ಚುಚ್ಚಿ ಹುರಿಯುತ್ತೇವೆ, ನೆಂಟರು ಬಂದಾಗಿನ ಅಡುಗೆ. ನಾನು ಚಟ್ಲಿಯ ಬದಲು ಮೀನು ತುಂಬಿದೆ. ಎರಡು ಮೀನು ಒಂದು ಚೀಲಕ್ಕೆ, ಬಾಯಿಗೆ ಅದರದೇ ಕೈಗಳನ್ನು ತುರುಕಿ ಮುಚ್ಚಿದೆ. ತಕ್ಕಡಿಗೆ ಇಟ್ಟರೆ ತೂಕ ಸರಿ. ಕ್ಯಾಮರಾಕ್ಕೆ ಬೊಂಡಾಸ್. ದಫ್ತರಿನಲ್ಲಿ ಬೊಂಡಾಸ್ ಎಂದು ಬರೆದು ಸಹಿ ಹಾಕಿದೆ. ಆ ಸುಳ್ಳು ಈಗಲೂ ನನ್ನ ಕೈಬರಹದಲ್ಲಿದೆ.

ಮೀನು ಎಲ್ಲಕ್ಕೂ ಸಾಲುತ್ತಿರಲಿಲ್ಲ. ಉಳಿದ ಒಂಬತ್ತಕ್ಕೂ ಚೂರು ಚೂರು ಹಂಚಿದರೆ ಯಾವುದಕ್ಕೂ ತಾಗುವುದಿಲ್ಲ. ಮೂರಕ್ಕೆ ಮಾತ್ರ ಕೊಟ್ಟೆ. ನಾಲ್ಕನೆಯ ನಂಬರಿನದಕ್ಕೆ, ಅದರ ರೆಕ್ಕೆ ಕಟ್ಟಿನಲ್ಲಿತ್ತು ಎಂದು. ಏಳನೆಯದಕ್ಕೆ, ಅದು ನನ್ನ ಹೆಗಲಿಗೆ ಬಂದು ಕೂರುತ್ತಿತ್ತು. ಒಂಬತ್ತನೆಯದಕ್ಕೆ ಏಕೆ ಎಂದರೆ, ಅದು ಬಾಗಿಲ ಹತ್ತಿರ ಕೂರುತ್ತಿತ್ತು. ಅಷ್ಟೇ, ಬೇರೆ ಕಾರಣ ಇಲ್ಲ.

ಮಗಳಿಗೆ ಬೇಗ ಗೊತ್ತಾಯಿತು. ತಟ್ಟೆಯಲ್ಲಿ ಮೂರೇ ಮೀನು ಕಂಡು, ಶೀನ ಚಿಕ್ಕಪ್ಪ ತಂದದ್ದು ಇಷ್ಟೇನಾ ಎಂದು ಕೇಳಿದಳು. ಹೊಳೆ ತುಂಬಿದೆ ಎಂದೆ.

"ಹೊಳೆ ತುಂಬಿದ್ದಲ್ಲ ಅಮ್ಮ, ನಿನ್ನ ಡಬ್ಬಿ ತುಂಬಿದ್ದು. ನಾನು ಹೆತ್ತದ್ದು ಮಗು. ನಿನ್ನ ಬಾವಲಿಗಳು ಎಂತ ಹೆತ್ತಿದ್ದೊ?"

ನಗುತ್ತಲೇ ಹೇಳಿದಳು, ಆದರೆ ಆ ವಾರ ಅವಳ ಹಾಲು ಕಮ್ಮಿಯಾಗಿತ್ತು. ಅದಕ್ಕೂ ಮೀನಿಗೂ ಸಂಬಂಧ ಇತ್ತೋ ಇಲ್ಲವೋ ನನಗೆ ತಿಳಿಯದು. ಶೀನನೂ ಒಮ್ಮೆ, ಅತ್ತಿಗೆ, ನಾನು ಪ್ರಾಣ ಕೈಯಲ್ಲಿ ಹಿಡಿದು ಬಲೆ ಬೀಸುವುದು ಸರಕಾರದ ಹಕ್ಕಿಗಾ ಎಂದು ಕೇಳಿದ. ದಿನವೂ ಬೆಳಗ್ಗೆ ಡಬ್ಬಿ ಹಿಡಿದು ಗುಡ್ಡ ಹತ್ತುವಾಗ, ಅವತ್ತು ಯಾವುದು ಬಿದ್ದಿರುತ್ತದೋ ಎಂದೇ ಯೋಚನೆ.

ಜುಲೈಯಲ್ಲಿ ಇನ್ನೂ ನಾಲ್ಕು ಬಾವಲಿ ಹೋದವು. ಒಂದನ್ನು ನಾನೇ ಎತ್ತಿದೆ. ಕೈಯಲ್ಲಿ ಹಿಡಿದರೆ ಒದ್ದೆ ಬಟ್ಟೆಯ ಹಾಗೆ ಬಾಗಿತು. ಎರಡನೆಯದು ಮತ್ತು ಹನ್ನೊಂದನೆಯದು ಕಟ್ಟೆಯ ಮೇಲೆ ಏರದೆ ನೆಲದಲ್ಲಿ ಹೊಟ್ಟೆ ಊರಿ ಮಲಗಿದವು. ನಾಲ್ಕು, ಏಳು, ಒಂಬತ್ತನೆಯವು ಮಾತ್ರ ಬಲೆಯ ತುದಿಗೆ ಹಾರಿ ಗಾಳಿಗೆ ರೆಕ್ಕೆ ಒಡ್ಡುತ್ತಿದ್ದವು. ಡಾಕ್ಟರು ಆ ಮೂರನ್ನೇ ನೋಡುತ್ತ ನಿಲ್ಲುತ್ತಿದ್ದರು. ಇವಕ್ಕೆ ಪುಡಿ ಹಿಡಿಸಿತು ಎಂದು ವರದಿ ಬರೆದರು. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಊಟಕ್ಕೆ ತಂದ ರೊಟ್ಟಿ ಡಬ್ಬಿಯಲ್ಲೇ ವಾಪಸ್ಸು ಹೋಗುತ್ತಿತ್ತು.

ಆಗಸ್ಟಿನಲ್ಲಿ ಕಡಲು ತೆರೆದು ಬೋಟುಗಳು ಹೊರಟ ವಾರ ಹಲ್ಲಿನ ಅಚ್ಚು ತೆಗೆಯುವ ದಿನ ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ಡಾಕ್ಟರು ನನ್ನನ್ನು ಕರೆದು ತೆರೆಯ ಮುಂದೆ ಕೂರಿಸಿದರು. ಎಡಗಡೆ ಕಲ್ಲಿನ ಹಲ್ಲು, ಬಲಗಡೆ ನಾಲ್ಕರ ಹಲ್ಲು. ಎರಡರ ಮೇಲೂ ಒಂದೇ ಥರ ಗೀರು, ಹೊಸ ಅಲಗು ಮಸೆದ ಕಲ್ಲಿನ ಮೇಲಿರುವಂಥದ್ದು. ಏಳರದ್ದೂ ಹಾಗೇ, ಒಂಬತ್ತರದ್ದೂ ಹಾಗೇ. ಎರಡು ಮತ್ತು ಹನ್ನೊಂದರ ಹಲ್ಲು ಗಾಜು.

ಮೂರು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ಗೆಲುವು ಕಂಡೆ. ಆದರೆ ಅವರು ಜಾಣೆ, ಗೆಲುವು ನಿಲ್ಲಲಿಲ್ಲ. ಬೆಳಗಿನಿಂದಲೇ ಬಾಯಿಗೆ ಮರಳು ಸಿಕ್ಕಿರಬಹುದೇ ಎಂದು ನೆಲ ನೋಡಿದ್ದರು, ನೀರು ನೋಡಿದ್ದರು, ಎರಡು ತಿಂಗಳ ಕ್ಯಾಮರಾ ಚಿತ್ರ ಓಡಿಸಿದ್ದರು. ಈಗ ಕುರ್ಚಿ ನನ್ನ ಕಡೆ ತಿರುಗಿಸಿದರು.

"ಗುಲಾಬಕ್ಕಾರ, ಈ ಮೂರಕ್ಕ ಬ್ಯಾರೆ ಏನ ಹಾಕೀರಿ?"

ಹೇಳಿದೆ. ಚೀಲದ ಬಗ್ಗೆ, ಡಬ್ಬಿಯ ಬಗ್ಗೆ, ಮಗಳ ಪಾಲಿನ ಬಗ್ಗೆ. ಯಾವ ಮೂರು, ಏಕೆ ಆ ಮೂರು ಎಂಬುದನ್ನೂ ಹೇಳಿದೆ.

ಅವರು ಬಯ್ಯಲಿಲ್ಲ. ಎಷ್ಟು ದಿನ ಎಂದರು. ನಡುನಡುವೆ ಹೊಳೆ ಕೊಡದ ದಿನ ಬಿಟ್ಟು ನಲವತ್ತರ ಹತ್ತಿರ ಎಂದೆ. ಆಮೇಲೆ ಅವರು ಕೇಳಿದ್ದು ಒಂದೇ ಮಾತು.

"ಜುಲೈದಾಗ ಬಂದು ಹೇಳಿದ್ರ? ಮೂರೂ ಛಲೋ ಅದಾವು, ಇದಕ್ಕ ಅದಾವು ಅಂತ ಹೇಳಿದ್ರ, ನಾ ಏನ ಕಲ್ಲಾಗಿದ್ನೇನ್ರಿ?"

"ಜೂನಲ್ಲಿ ಹೇಳಿದ್ದೆ ಡಾಕ್ಟ್ರೇ."

"ಹೌದು," ಎಂದರು. "ಜೂನದಾಗ ಹೇಳಿದ್ರಿ."

ಇಬ್ಬರೂ ಎದ್ದೆವು. ಬಂದರಿನಲ್ಲಿ ಅವತ್ತು ಮೊದಲ ಬೋಟುಗಳ ಮೀನು ಇಳಿದಿತ್ತು. ನಾನು ಓಡಿ ಒಂದು ಬುಟ್ಟಿ ಸಣ್ಣ ಮೀನು ತಂದೆ. ಗೂಡಿನೊಳಗೆ ಎರಡು ಮತ್ತು ಹನ್ನೊಂದು ಬಿದ್ದಲ್ಲೇ ಬಿದ್ದಿದ್ದವು. ಡಾಕ್ಟರು ಚಪ್ಪಲಿ ಬಿಟ್ಟು ಕೆಸರಿನಲ್ಲಿ ಕುಳಿತರು. ಕೈಗವಸು ಹಾಕಿಕೊಳ್ಳಿ ಎಂದು ನಾನು ರಬ್ಬರಿನದನ್ನು ಮುಂದೆ ಹಿಡಿದೆ. ಅದು ಅವರ ಕಣ್ಣಿಗೆ ಬೀಳಲಿಲ್ಲ. ಹುಟ್ಟಿದ ಮೇಲೆ ಮೀನು ಮುಟ್ಟದ ಹೆಂಗಸು ಬರಿಗೈಯಲ್ಲಿ ಒಂದನ್ನು ಎತ್ತಿ, ಯಾವ ಕಡೆಯಿಂದ ಕೊಡಬೇಕೆಂದು ಕೇಳಿದರು. ತಲೆ ಮುಂದೆ ಮಾಡಿ ಎಂದೆ, ಬಾಲ ಮುಂದಾದರೆ ಮುಳ್ಳು ಗಂಟಲಿಗೆ ಚುಚ್ಚುತ್ತದೆ. ಎರಡನೆಯ ಬಾವಲಿ ಮೂಸಿತು. ಬಾಯಿ ತೆರೆಯಿತು. ಒಂದು ತಿಂದಿತು, ಇನ್ನೊಂದು ಅರ್ಧ. ಐದು ದಿನ ಇಬ್ಬರೂ ಸರದಿಯಲ್ಲಿ ಕೊಟ್ಟೆವು. ಆರನೇ ದಿನ ಎರಡನೆಯದು ಹೋಯಿತು, ಎಂಟನೇ ದಿನ ಹನ್ನೊಂದನೆಯದು. ತಡವಾಗಿತ್ತು.

ಹಣ ಕೊಡುವವರ ಕಡೆಯಿಂದ ಒಬ್ಬರು ಫೋನು ಮಾಡಿದರಂತೆ. ಅವರಿಗೆ ವಿಷಯ ಸುಲಭವಾಗಿ ಕಂಡಿತು. ಮೂರಕ್ಕೆ ಮೀನು, ಎಂಟಕ್ಕೆ ಬೊಂಡಾಸ್, ಮೂರು ಉಳಿದವು, ಗೀರು ಹೊಂದಿತು, ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೇ? ದಫ್ತರನ್ನು ಮೊದಲಿಂದಲೇ ಹಾಗೆ ಯೋಜಿಸಿದಂತೆ ಬರೆದರೆ ಆಯಿತಲ್ಲ. ನನಗೂ ಅದು ಸರಿ ಎನಿಸಿತು. ನೀವು ಹೇಳಿದ್ದಕ್ಕೆ ನಾನು ಹಾಕಿದೆ ಎಂದು ಸಹಿ ಮಾಡಿಕೊಡುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. ಅವರ ಕೆಲಸ ಉಳಿಯಲಿ ಎಂದು.

ಡಾಕ್ಟರು ದಫ್ತರು ತೆರೆದು ನನ್ನ ಮುಂದಿಟ್ಟರು. ಜುಲೈ ಮೂರರಂದು ಯಾವುದಕ್ಕೆ ಎಷ್ಟು ಗ್ರಾಂ ಹಾಕಿದಿರಿ, ನೆನಪಿದೆಯೇ ಎಂದರು. ಇಲ್ಲ. ಒಂಬತ್ತರಂದು? ಅವತ್ತು ಹೊಳೆ ಉಕ್ಕಿತ್ತೋ ಇಲ್ಲವೋ ನೆನಪಿಲ್ಲ. ಹಿಡಿ ಅಳತೆಯಲ್ಲಿ ಹಾಕಿದ್ದಕ್ಕೆ ಗ್ರಾಂ ಎಲ್ಲಿಂದ ತರಲಿ.

"ಹಂಗಾದ್ರ ನಾವು ಇಬ್ಬರೂ ಕುಂತು ಅಂಕಿ ಹುಟ್ಟಿಸಬೇಕಾಗತೈತಿ," ಎಂದರು. "ಊಹಾದ ಪ್ರಾಣಿಗೆ ಊಹಾದ ಊಟ. ಬ್ಯಾಡ್ರಿ. ಸಾಕಾಗೇತಿ."

ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದರು. ತಾವು ಜೂನಿನಲ್ಲಿ ಬೇಡ ಎಂದದ್ದನ್ನೂ ಬರೆದರು, ನನ್ನ ಹೆಸರಿನ ಪಕ್ಕ ಒಂದು ಕೆಟ್ಟ ಮಾತು ಬರೆಯಲಿಲ್ಲ. ಎರಡು ತಿಂಗಳಲ್ಲಿ ಕೇಂದ್ರ ಮುಚ್ಚಿತು. ಡಾಕ್ಟರು ಧಾರವಾಡಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾರೆ. ನಾನು ಮತ್ತೆ ಮಾರುಕಟ್ಟೆಯಲ್ಲಿ ಕೂತಿದ್ದೇನೆ. ಮೂರು ಬಾವಲಿಗಳನ್ನು ಒಂದು ದೊಡ್ಡ ಹಕ್ಕಿಧಾಮಕ್ಕೆ ಒಯ್ದರು. ಒಯ್ಯುವ ದಿನ ಪೆಟ್ಟಿಗೆಯ ಮೇಲೆ ಆಹಾರ ಎಂಬಲ್ಲಿ ಡಾಕ್ಟರು ತಮ್ಮ ಕೈಯಿಂದಲೇ ಬರೆದದ್ದು: ಹುರುಪೆ, ಮುಳ್ಳು ಸಮೇತ ಸಣ್ಣ ಮೀನು, ಸಿಕ್ಕಾಗ ಬೊಂಡಾಸ್. ಹೋದ ತಿಂಗಳು ಫೋನು ಮಾಡಿದ್ದರು, ಮೂರೂ ಹಾರುತ್ತಿವೆಯಂತೆ.

ಎಂಟು ಸತ್ತವು. ಮೊದಲ ಎರಡನ್ನು ಯಾರಿಂದಲೂ ಉಳಿಸಲಾಗುತ್ತಿರಲಿಲ್ಲ. ಉಳಿದ ಆರನ್ನು, ಅವರು ಒಂದು ಸಲ ಕೇಳಿಸಿಕೊಂಡಿದ್ದರೆ ಅಥವಾ ನಾನು ಇನ್ನೊಂದು ಸಲ ಹೇಳಿದ್ದರೆ, ಉಳಿಸಬಹುದಿತ್ತು. ಮೂರು ಬದುಕಿವೆ. ಆ ಪ್ರಾಣಿ ಏನು ತಿನ್ನುತ್ತಿತ್ತು ಎಂಬುದು ಈಗ ಇಬ್ಬರು ಹೆಂಗಸರಿಗೆ ಗೊತ್ತು. ಯಾವ ಪುಸ್ತಕದಲ್ಲೂ ಅದು ಇಲ್ಲ.